ಪ್ರತಿ ರೋಗಿಯ ಲೆಕ್ಕ ಇಟ್ಟ ವೈದ್ಯ: ಅರ್ನೆಸ್ಟ್ ಕಾಡ್‌ಮನ್

ಮೂಳೆಯ ಬಯಾಪ್ಸಿ ವರದಿಯಲ್ಲಿ ಪೀಕೋಮ ಎಂಬ ಹೆಸರು ಬಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ: ಈ ಕಾಯಿಲೆ ಬಂದ ಬೇರೆಯವರು ಈಗ ಹೇಗಿದ್ದಾರೆ? ಮೂಳೆಯಲ್ಲೇ ಹುಟ್ಟುವ ಪೀಕೋಮ ಬಹಳ ಅಪರೂಪ. ಹಾಗಾಗಿ ಅನುಭವಿ ವೈದ್ಯರಿಗೂ ಖಚಿತ ಉತ್ತರ ಕೊಡುವುದು ಕಷ್ಟ. ಮೂಳೆ ಗೆಡ್ಡೆಗಳ ಬಗ್ಗೆ ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಹಟ ಹಿಡಿದು ಕೇಳಿದವರು ಅಮೆರಿಕದ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಅಮೊರಿ ಕಾಡ್‌ಮನ್. ನಿಮ್ಮ ಸ್ಲೈಡ್‌ಗಳನ್ನು ಇನ್ನೊಬ್ಬ ತಜ್ಞರಿಗೆ ಏಕೆ ತೋರಿಸುತ್ತಾರೆ, ವರ್ಷಗಟ್ಟಲೆ ತಪಾಸಣೆಗೆ ಏಕೆ ಕರೆಯುತ್ತಾರೆ ಎಂಬುದು ಅವರ ಬದುಕಿನ ಕಥೆಯಿಂದ ಚೆನ್ನಾಗಿ ಅರ್ಥವಾಗುತ್ತದೆ.

ಬರೆದಿಡುವ ಅಭ್ಯಾಸ

ಕಾಡ್‌ಮನ್ ಹುಟ್ಟಿದ್ದು 1869ರ ಡಿಸೆಂಬರ್ 30ರಂದು, ಬಾಸ್ಟನ್ ನಗರದಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ 1895ರಲ್ಲಿ ಪದವಿ ಪಡೆದರು. ಆಗ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಈಥರ್ ಕೊಟ್ಟು ಮಲಗಿಸುವ ಕೆಲಸ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಕೆಲವರು ಮೇಜಿನ ಮೇಲೇ ಸಾಯುತ್ತಿದ್ದರು. ಕಾಡ್‌ಮನ್ ಮತ್ತು ಅವರ ಸಹಪಾಠಿ ಹಾರ್ವೆ ಕುಶಿಂಗ್ ಸೇರಿ, ಈಥರ್ ಕೊಟ್ಟಷ್ಟು ಹೊತ್ತೂ ರೋಗಿಯ ನಾಡಿ ಮತ್ತು ಉಸಿರಾಟವನ್ನು ಹಾಳೆಯಲ್ಲಿ ಗುರುತಿಸತೊಡಗಿದರು. ಇಂದಿನ ಅರಿವಳಿಕೆ ಚಾರ್ಟ್‌ನ ಮೊದಲ ರೂಪಗಳಲ್ಲಿ ಇದೂ ಒಂದು.

1895ರ ಕೊನೆಗೆ ಎಕ್ಸ್‌ರೇ ಪತ್ತೆಯಾಯಿತು. ಕಾಡ್‌ಮನ್ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ ವಹಿಸಿಕೊಂಡರು. ಮೂಳೆ ಮತ್ತು ಭುಜದ ತೊಂದರೆಗಳಲ್ಲಿ ಅವರಿಗೆ ಆಸಕ್ತಿ ಬೆಳೆಯಿತು.

ಸತ್ಯ ಹೇಳಿ ಕೆಲಸ ಕಳೆದುಕೊಂಡರು

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರಾಗಿದ್ದಾಗ ಅವರ ಬೇಡಿಕೆ ಸರಳವಾಗಿತ್ತು. ಪ್ರತಿ ರೋಗಿಗೂ ಒಂದು ಕಾರ್ಡ್ ಇರಬೇಕು. ತೊಂದರೆ ಏನಿತ್ತು, ರೋಗ ಯಾವುದೆಂದು ಗುರುತಿಸಿದರು, ಏನು ಮಾಡಿದರು, ಒಂದು ವರ್ಷದ ನಂತರ ರೋಗಿ ಹೇಗಿದ್ದಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಫಲ ಸಿಗದಿದ್ದರೆ ಕಾರಣವನ್ನೂ ಬರೆಯಬೇಕು.

ಇದು ಅನೇಕ ಹಿರಿಯ ವೈದ್ಯರಿಗೆ ಹಿಡಿಸಲಿಲ್ಲ. ಸೇವಾ ಹಿರಿತನ ನೋಡಿ ಬಡ್ತಿ ಕೊಡುವ ಪದ್ಧತಿಯನ್ನು ವಿರೋಧಿಸಿ ಕಾಡ್‌ಮನ್ 1914ರಲ್ಲಿ ಹುದ್ದೆ ಬಿಟ್ಟರು. 1915ರ ಜನವರಿಯಲ್ಲಿ ನಡೆದ ವೈದ್ಯರ ಸಭೆಯೊಂದರಲ್ಲಿ ದೊಡ್ಡ ವ್ಯಂಗ್ಯಚಿತ್ರ ಪ್ರದರ್ಶಿಸಿದರು. ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿ ವೈದ್ಯರಿಗೆ ಚಿನ್ನದ ಮೊಟ್ಟೆ ಒದಗಿಸುತ್ತಿರುವ ಚಿತ್ರ ಅದು. ನಗರದ ಶ್ರೀಮಂತರು ತಾವು ಕೊಂಡ ಚಿಕಿತ್ಸೆಯ ಫಲವನ್ನೇ ವಿಚಾರಿಸುವುದಿಲ್ಲ ಎಂಬುದು ಅದರ ಅರ್ಥ. ಸಭೆಯಲ್ಲಿ ಗಲಾಟೆಯಾಯಿತು. ಹಾರ್ವರ್ಡ್‌ನ ಬೋಧಕ ಸ್ಥಾನವೂ ಕೈತಪ್ಪಿತು.

ಅಷ್ಟರಲ್ಲಿ ಅವರು ತಮ್ಮದೇ 12 ಹಾಸಿಗೆಗಳ ಪುಟ್ಟ ಆಸ್ಪತ್ರೆ ತೆರೆದಿದ್ದರು. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಲೆಕ್ಕ ಪ್ರಕಟಿಸಿದರು. ಅದರಲ್ಲಿ 123 ತಪ್ಪುಗಳನ್ನು ತಾವೇ ಪಟ್ಟಿ ಮಾಡಿದ್ದರು. ಆಸ್ಪತ್ರೆ ಹೆಚ್ಚು ಕಾಲ ನಡೆಯಲಿಲ್ಲ.

ಮೂಳೆ ಗೆಡ್ಡೆಗಳ ದಾಖಲೆ

1920ರಲ್ಲಿ ಮೂಳೆಯ ಸಾರ್ಕೋಮ ಇದ್ದ ರೋಗಿಯೊಬ್ಬರ ಚಿಕಿತ್ಸೆ ಅವರ ಪಾಲಿಗೆ ಬಂತು. ಈ ಕಾಯಿಲೆಯಿಂದ ಗುಣವಾಗಿ ಬದುಕಿರುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಲು ಕಾಡ್‌ಮನ್ ದೇಶದ ಶಸ್ತ್ರಚಿಕಿತ್ಸಕರಿಗೆಲ್ಲ ಪತ್ರ ಬರೆದರು. ರೋಗಿಯ ವಿವರ, ಎಕ್ಸ್‌ರೇ, ಗೆಡ್ಡೆಯ ಸ್ಲೈಡ್ ಮೂರನ್ನೂ ಕಳಿಸಲು ಕೇಳಿದರು. ಹೀಗೆ ಶುರುವಾದದ್ದು ಬೋನ್ ಸಾರ್ಕೋಮ ರಿಜಿಸ್ಟ್ರಿ. ಜೇಮ್ಸ್ ಯೂಯಿಂಗ್ ಮತ್ತು ಜೋಸೆಫ್ ಬ್ಲಡ್‌ಗುಡ್ ಅವರ ಜೊತೆಗಿದ್ದರು.

ಸ್ಲೈಡ್‌ಗಳು ಒಬ್ಬರಿಂದ ಒಬ್ಬರಿಗೆ ಹೋದಾಗ ಒಂದು ಸಂಗತಿ ಬೆಳಕಿಗೆ ಬಂತು. ಒಂದೇ ಗೆಡ್ಡೆಗೆ ಒಬ್ಬೊಬ್ಬ ತಜ್ಞರು ಒಂದೊಂದು ಹೆಸರು ಕೊಡುತ್ತಿದ್ದರು. ಹೆಸರೇ ಬೇರೆಯಾದರೆ ಯಾರು ಗುಣವಾದರು ಎಂದು ಹೋಲಿಸುವುದು ಹೇಗೆ? ಆದ್ದರಿಂದ ಎಲ್ಲರೂ ಒಪ್ಪುವ ಹೆಸರುಗಳನ್ನು ನಿಗದಿ ಮಾಡಿ, 1925ರಲ್ಲಿ ಕಾಡ್‌ಮನ್ ಅವುಗಳ ವಿವರಣೆ ಪ್ರಕಟಿಸಿದರು. ಮೂಳೆಯ ಹೊರಪದರ ಮೇಲೆದ್ದಾಗ ಎಕ್ಸ್‌ರೇಯಲ್ಲಿ ಕಾಣುವ ತ್ರಿಕೋನಕ್ಕೆ ಇಂದಿಗೂ ಅವರ ಹೆಸರಿದೆ. ವರದಿಯಲ್ಲಿ ಕಾಡ್‌ಮನ್ ತ್ರಿಕೋನ ಎಂದಿದ್ದರೆ ಅದು ಕ್ಯಾನ್ಸರ್ ಎಂದೇ ಅರ್ಥವಲ್ಲ. ಮೂಳೆಯ ಸೋಂಕಿನಲ್ಲೂ ಅದು ಕಾಣಬಹುದು.

ಪೀಕೋಮಕ್ಕೂ ಇದಕ್ಕೂ ಏನು ಸಂಬಂಧ?

ಕಾಡ್‌ಮನ್ ಕಾಲದಲ್ಲಿ ಪೀಕೋಮ ಎಂಬ ಹೆಸರೇ ಇರಲಿಲ್ಲ. ಅದು ಬಳಕೆಗೆ ಬಂದದ್ದು 1996ರಲ್ಲಿ. ರಕ್ತನಾಳಗಳ ಸುತ್ತ ಸೇರಿಕೊಂಡು ಬೆಳೆಯುವ ಒಂದು ಬಗೆಯ ಜೀವಕೋಶಗಳ ಗೆಡ್ಡೆ ಇದು. ಮೂಳೆಯಲ್ಲಿ ಬಂದರೆ ನೋವು, ಊತ, ಕೆಲವೊಮ್ಮೆ ಮುರಿತ ಉಂಟಾಗಬಹುದು. ಸ್ಕ್ಯಾನ್ ನೋಡಿ ಮಾತ್ರ ಇದನ್ನು ಗುರುತಿಸಲಾಗದು. ಬಯಾಪ್ಸಿ ತುಣುಕಿಗೆ ಎಚ್‌ಎಂಬಿ-45, ಮೆಲಾನ್-ಎ, ಆಕ್ಟಿನ್ ಮುಂತಾದ ವಿಶೇಷ ಬಣ್ಣದ ಪರೀಕ್ಷೆಗಳು ಬೇಕು. ಮೊದಲ ಎರಡು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನಲ್ಲೂ ಪಾಸಿಟಿವ್ ಬರುತ್ತವೆ. ಗರ್ಭಕೋಶ ಅಥವಾ ಕಿಡ್ನಿಯ ಪೀಕೋಮ ಮೂಳೆಗೆ ಹರಡಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಇದಕ್ಕೇ ಎರಡನೇ ತಜ್ಞರ ಕಣ್ಣು ಬೇಕಾಗುತ್ತದೆ.

ಗೆಡ್ಡೆಯ ಗಾತ್ರ, ಕೋಶಗಳು ವಿಭಜನೆಯಾಗುವ ವೇಗ, ಸತ್ತ ಭಾಗ ಇದೆಯೇ ಎಂಬುದನ್ನೆಲ್ಲ ನೋಡಿ ಅಪಾಯ ಅಂದಾಜು ಮಾಡುತ್ತಾರೆ. ಸಾಧ್ಯವಾದರೆ ಗೆಡ್ಡೆಯನ್ನು ಪೂರ್ತಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಹರಡಿದ್ದರೆ ಸಿರೋಲಿಮಸ್‌ನಂಥ ಔಷಧ ಕೊಡಬಹುದು. ಕಿಡ್ನಿ ಕಸಿ ಆದವರಿಗೆ ಕೊಡುವ ಔಷಧವೇ ಇದು. ಇದರ ಹೊಸ ಚುಚ್ಚುಮದ್ದು ರೂಪಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಔಷಧ ತೆಗೆದುಕೊಳ್ಳುವವರು ನಾಟಿ ಔಷಧಿ ಸೇರಿದಂತೆ ತಾವು ಸೇವಿಸುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತಿಳಿಸಬೇಕು.

ನೀವು ಮಾಡಬಹುದಾದದ್ದು

- ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎಲ್ಲಿವೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಊರು ಬದಲಿಸಿದರೂ ಅವು ಸಿಗುವಂತಿರಲಿ.
- ಎಕ್ಸ್‌ರೇ, ಎಂಆರ್‌ಐ ಸಿಡಿಗಳನ್ನು ವರದಿಗಳ ಜೊತೆ ಒಂದೇ ಫೈಲ್‌ನಲ್ಲಿಡಿ.
- ಮೂಳೆ ಗೆಡ್ಡೆಗಳನ್ನು ಹೆಚ್ಚಾಗಿ ನೋಡುವ ಕೇಂದ್ರದಲ್ಲಿ ಸ್ಲೈಡ್ ಮರುಪರಿಶೀಲನೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ.
- ನೋವಿಲ್ಲದಿದ್ದರೂ ತಪಾಸಣೆಯ ದಿನ ತಪ್ಪಿಸಬೇಡಿ.

ಕೊನೆಯ ದಿನಗಳು

ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅವರ ಸುಧಾರಣೆಗಳು ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ಪರೀಕ್ಷೆಗೆ ತಳಹದಿಯಾದವು. ಆದರೆ ಬದುಕಿದ್ದಾಗ ಸಿಕ್ಕ ಮನ್ನಣೆ ಕಡಿಮೆ. 1940ರ ನವೆಂಬರ್ 23ರಂದು ಮೆಲನೋಮದಿಂದ ತೀರಿಕೊಂಡರು. ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2014ರಲ್ಲಿ.

ನಮ್ಮ ದೇಶದಲ್ಲೂ 1963ರಲ್ಲಿ ಮುಂಬೈಯಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅನಂತರ ಬೆಂಗಳೂರು, ಚೆನ್ನೈಗಳಲ್ಲೂ ಬಂತು. ಒಂದು ವರ್ಷದ ನಂತರ ಆಸ್ಪತ್ರೆಯಿಂದ ಹೇಗಿದ್ದೀರಿ ಎಂದು ಫೋನ್ ಬಂದರೆ ದಯವಿಟ್ಟು ಉತ್ತರಿಸಿ. ಮುಂದೆ ಇದೇ ವರದಿ ಕೈಗೆ ಬಂದವರ ಮನೆಯವರಿಗೆ ವೈದ್ಯರು ಕೊಡುವ ಉತ್ತರದಲ್ಲಿ ನಿಮ್ಮ ಮಾಹಿತಿಯೂ ಸೇರಿರುತ್ತದೆ.