ಬಿಸಿಲನ್ನು ದುಡಿಸಿದ ಮೇಷ್ಟ್ರು

ನನ್ನ ತಂದೆಯವರು ಕುಲುಮೆಯ ಮುಂದೆ ಬೆವರು ಸುರಿಸಿ ನನ್ನನ್ನು ಬಿ.ಎ. ತರಗತಿಯವರೆಗೆ ಓದಿಸಿದವರು. ಆದುದರಿಂದಲೇ ಏನೋ, ಬೀಗ ಮಾಡುವವರ ಮಗನಾಗಿ ಹುಟ್ಟಿ ಗಣಿತದ ಉಪಾಧ್ಯಾಯರಾದ ಆಗಸ್ಟಿನ್ ಮೂಶೋ ಅವರ ಚರಿತ್ರೆ ನನಗೆ ನಮ್ಮ ಮನೆಯ ಮಾತಿನಂತೆಯೇ ತೋರಿತು.

ಮೂಶೋ 1825ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದರು. ಕಲ್ಲಿದ್ದಲು ಒಂದು ದಿನ ಮುಗಿದೀತೆಂಬ ಚಿಂತೆ ಅವರನ್ನು ಸೂರ್ಯನ ಕಡೆಗೆ ತಿರುಗಿಸಿತು. ಕಪ್ಪು ಬಳಿದ ತಾಮ್ರದ ಪಾತ್ರೆಗೆ ಗಾಜಿನ ಹೊದಿಕೆ ಹಾಕಿದರೆ, ಒಳಹೊಕ್ಕ ಬಿಸಿಲಿನ ಕಾವು ಬೇಗ ಹೊರಬೀಳದು. ಸುತ್ತ ಕನ್ನಡಿ ನಿಲ್ಲಿಸಿದರೆ ಕಾವು ಮತ್ತಷ್ಟು ಏರುವುದು. ಇವುಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, 1866ರಲ್ಲಿ ಬಿಸಿಲಿನಿಂದೆದ್ದ ಆವಿಯ ಬಲದಿಂದ ಸಣ್ಣ ಯಂತ್ರವೊಂದನ್ನು ನಡೆಸಿದರು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಬಿಸಿಲಿನಿಂದಲೇ ಮಂಜುಗಡ್ಡೆ ತಯಾರಿಸಿ ಚಿನ್ನದ ಪದಕ ಪಡೆದರು!

ಆದರೆ ಕಲ್ಲಿದ್ದಲು ಅಗ್ಗವಾಯಿತು. ಸರ್ಕಾರದ ಸಹಾಯ ನಿಂತಿತು. ಮೂಶೋ 1912ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದರು.

ಇಂದು ನಮ್ಮ ವಿದ್ಯಾರ್ಥಿನಿಲಯದ ಮಾಳಿಗೆಯ ಸೋಲಾರ್ ಹೀಟರಿನಲ್ಲಿಯೂ ಇರುವುದು ಅದೇ ಕಪ್ಪು ಬಣ್ಣ, ಅದೇ ಗಾಜು. ಮುಂಜಾನೆ ಬಿಸಿನೀರು ಮೊಗೆಯುವಾಗ ಆ ಮೇಷ್ಟ್ರ ನೆನಪಾಗುತ್ತದೆ. ಮಗನನ್ನು ಓದಿಸಿ ಏನು ಬಂತೆಂದು ನನ್ನ ತಂದೆಯವರನ್ನು ಊರವರು ಕೇಳುವುದುಂಟು. ಇನ್ನು ಮೇಲೆ ಅವರಿಗೆ ಈ ಕಥೆಯನ್ನು ನಾನೇ ಹೇಳುವೆನು.