ವಂಶಾವಳಿಯ ವಿದ್ಯಾಗುರು ಡಾ. ರಿವರ್ಸ್

ವಂಶಾವಳಿಯೆಂದರೆ ಅರಸುಮನೆತನಗಳ ಕೀರ್ತನೆಯೆಂದೇ ವಿದ್ವಲ್ಲೋಕವು ಬಹುಕಾಲ ಭಾವಿಸಿತ್ತು. ನಮ್ಮ ನಾಡಿನ ಹೆಳವರು ಒಕ್ಕಲುಮನೆಗಳ ಹಿರಿಯರ ಹೆಸರುಗಳನ್ನು ಒಪ್ಪಿಸುತ್ತ ಬಂದಿದ್ದರೂ ಪಂಡಿತರು ಅದಕ್ಕೆ ಕಿವಿಗೊಟ್ಟುದು ವಿರಳ. ಸಾಮಾನ್ಯರ ಪೂರ್ವಿಕರ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದನ್ನೇ ಒಂದು ಶಾಸ್ತ್ರವಾಗಿಸಿ ಶಿಷ್ಯರಿಗೆ ಧಾರೆಯೆರೆದವರು ಕೇಂಬ್ರಿಡ್ಜಿನ ಅಧ್ಯಾಪಕ ಡಾ. ಡಬ್ಲ್ಯು. ಎಚ್. ಆರ್. ರಿವರ್ಸ್.

1864ನೆಯ ಮಾರ್ಚ್ 12ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಅವರ ಜನನವಾಯಿತು. ತಂದೆ ಪಾದ್ರಿಗಳು, ತೊದಲುಮಾತನ್ನು ತಿದ್ದುವುದರಲ್ಲಿ ನುರಿತವರು. ಆದರೂ ಮಗನ ತೊದಲು ಪೂರ್ಣವಾಗಿ ನೀಗಲಿಲ್ಲ. 1886ರಲ್ಲಿ ವೈದ್ಯ ಪದವಿ ಪಡೆದ ರಿವರ್ಸ್, 1897ರಲ್ಲಿ ಕೇಂಬ್ರಿಡ್ಜಿನಲ್ಲಿ ಮನಶ್ಶಾಸ್ತ್ರದ ಉಪನ್ಯಾಸಕರಾದರು.

1898ರಲ್ಲಿ ಆಸ್ಟ್ರೇಲಿಯದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹ್ಯಾಡನ್ನರೊಡನೆ ತೆರಳಿದರು. ಜನರ ದೃಷ್ಟಿಶಕ್ತಿಯನ್ನು ಪರೀಕ್ಷಿಸಹೊರಟವರು, ಅದು ಕುಟುಂಬದಲ್ಲಿ ಹರಿದುಬರುವುದೇ ಎಂದರಿಯಲು ಅವರ ನಂಟಸ್ತಿಕೆಯನ್ನು ವಿಚಾರಿಸಿದರು. ತಂದೆಯನ್ನೂ ತಂದೆಯ ಸೋದರರನ್ನೂ ಒಂದೇ ಪದದಿಂದ ಕರೆಯುವೆಡೆಯಲ್ಲಿ ಗೊಂದಲ ಸಹಜ. ಆದುದರಿಂದ ಹೆತ್ತವರು, ಮಕ್ಕಳು, ಗಂಡ, ಹೆಂಡತಿ ಎಂಬ ಕೆಲವೇ ಸಂಬಂಧಗಳನ್ನು ಹಿಡಿದು, ವ್ಯಕ್ತಿಗಳ ಹೆಸರುಗಳನ್ನೇ ಬರೆದುಕೊಂಡರು. ಒಬ್ಬನು ಹೇಳಿದುದನ್ನು ಮತ್ತೊಬ್ಬನ ಮಾತಿನೊಡನೆ ತಾಳೆನೋಡಿದರು. 1910ರಲ್ಲಿ ಈ ವಂಶಾವಳಿ ವಿಧಾನವನ್ನು ಕುರಿತು ಅವರು ಪ್ರಕಟಿಸಿದ ಲೇಖನವು ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಕೈದೀವಿಗೆಯಾಯಿತು.

1901-02ರಲ್ಲಿ ಅವರು ನೀಲಗಿರಿಯ ತೋಡರಲ್ಲಿಗೆ ಬಂದರು. ತೀರಿಕೊಂಡ ಬಂಧುಗಳ ಹೆಸರೆತ್ತುವುದು ತೋಡರಲ್ಲಿ ನಿಷಿದ್ಧ. ಆದುದರಿಂದ ಒಂದು ಮನೆತನದ ವಂಶಾವಳಿಯನ್ನು ಬೇರೆ ಮನೆತನದವರಿಂದ ಕೇಳಬೇಕಾಯಿತು. ಸೋದರರು ಒಬ್ಬಳನ್ನೇ ವರಿಸುತ್ತಿದ್ದ ಆ ಸಮಾಜದಲ್ಲಿ, ಗರ್ಭಿಣಿಗೆ ಬಿಲ್ಲುಬಾಣಗಳನ್ನು ನೀಡಿದವನೇ ಮಗುವಿನ ತಂದೆಯೆನಿಸುತ್ತಿದ್ದನು. ಪಿತೃತ್ವವು ರಕ್ತಸಂಬಂಧದಿಂದ ಮಾತ್ರವಲ್ಲ, ಸಮಾಜದ ಒಪ್ಪಿಗೆಯಿಂದಲೂ ಸಿದ್ಧಿಸುವುದೆಂಬ ಅರಿವು ಇದರಿಂದ ಮೂಡಿತು. 1906ರಲ್ಲಿ ಪ್ರಕಟವಾದ ತೋಡರನ್ನು ಕುರಿತ ಅವರ ಗ್ರಂಥದಲ್ಲಿ ಈ ವಂಶಾವಳಿಗಳೆಲ್ಲ ಸೇರಿವೆ.

ಮೊದಲನೆಯ ಮಹಾಯುದ್ಧದಲ್ಲಿ ಮನಸ್ಸು ಜರ್ಝರಿತವಾದ ಸೈನ್ಯಾಧಿಕಾರಿಗಳಿಗೆ ಸ್ಕಾಟ್ಲೆಂಡಿನಲ್ಲಿ ಚಿಕಿತ್ಸೆ ನೀಡಿದಾಗಲೂ ಅವರ ಮುಖ್ಯ ಸಾಧನ ಸಹನೆಯ ಆಲಿಕೆಯೇ ಆಗಿತ್ತು. ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಅವರ ಆರೈಕೆಯಲ್ಲಿದ್ದರು. 1919ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಮಾರ್ಗದರ್ಶನದ ಹೊಣೆ ಹೊತ್ತು, ತಮ್ಮ ಕೊಠಡಿಯ ಬಾಗಿಲನ್ನು ಅವರಿಗಾಗಿ ತೆರೆದಿಟ್ಟರು. 1922ನೆಯ ಜೂನ್ 4ರಂದು, 58ನೆಯ ವಯಸ್ಸಿನಲ್ಲಿ, ಹಠಾತ್ತನೆ ಕಾಲವಶರಾದರು.

ರಿವರ್ಸ್ ಅವಿವಾಹಿತರು, ಅವರಿಗೆ ಸಂತಾನವಿರಲಿಲ್ಲ. ಆದರೆ ಅವರ ವಿದ್ಯಾವಂಶ ಬೆಳೆಯಿತು. ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಶಿಷ್ಯರು. ಮುಂಬಯಿಯಲ್ಲಿ ಸಮಾಜಶಾಸ್ತ್ರವನ್ನು ಬೆಳೆಸಿದ ಜಿ. ಎಸ್. ಘುರ್ಯೆಯವರೂ ಅವರ ಶಿಷ್ಯರು. ಮೈಸೂರಿನ ಎಂ. ಎನ್. ಶ್ರೀನಿವಾಸರು ಈ ಇಬ್ಬರ ಬಳಿಯೂ ಕಲಿತು, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಜನಜೀವನವನ್ನು ಅಭ್ಯಸಿಸಿದರು. ಅನ್ಯರ ವಂಶಗಳನ್ನು ಅಕ್ಕರೆಯಿಂದ ಬರೆದಿಟ್ಟ ಅಧ್ಯಾಪಕನ ವಂಶವು ಹೀಗೆ ಶಿಷ್ಯರಿಂದ ಪ್ರಶಿಷ್ಯರಿಗೆ ಸಾಗಿ ಕನ್ನಡ ನೆಲವನ್ನೂ ಮುಟ್ಟಿತು. ಅಧ್ಯಾಪಕ ವೃತ್ತಿಗೆ ಇದಕ್ಕಿಂತ ಮಿಗಿಲಾದ ಸಾರ್ಥಕ್ಯವಿಲ್ಲ.