ರಸಾಯನಾಚಾರ್ಯ ಮೆಂಡಲೀವ್

ಕಂಡದ್ದನ್ನು ವರ್ಣಿಸುವುದು ಪಾಂಡಿತ್ಯ. ಕಾಣದುದರ ಗುಣಗಳನ್ನು ನಿಯಮದ ಬಲದಿಂದ ಮುಂಗಂಡು ಹೇಳಿ, ಆ ಮಾತನ್ನು ಪರೀಕ್ಷೆಗೆ ಒಡ್ಡುವುದು ಶಾಸ್ತ್ರ. ಈ ಶಾಸ್ತ್ರಧರ್ಮವನ್ನು ಬಾಳಿ ತೋರಿದವರಲ್ಲಿ ರಷ್ಯಾ ದೇಶದ ದ್ಮಿತ್ರಿ ಇವಾನೊವಿಚ್ ಮೆಂಡಲೀವರು ಅಗ್ರಗಣ್ಯರು. ಪ್ರೌಢಶಾಲೆಗಳ ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗುವ ಮೂಲವಸ್ತುಗಳ ಆವರ್ತ ಕೋಷ್ಟಕವು ಅವರ ತಪಸ್ಸಿನ ಫಲ.

ಮೆಂಡಲೀವರು 1834ರ ಫೆಬ್ರವರಿ 8ರಂದು ಸೈಬೀರಿಯದ ತೊಬೋಲ್ಸ್ಕ್ ನಗರದಲ್ಲಿ, ತುಂಬು ಸಂಸಾರದ ಕೊನೆಯ ಕೂಸಾಗಿ ಜನಿಸಿದರು. ವಿದ್ಯಾಶಾಲೆಯ ಮುಖ್ಯಸ್ಥರಾಗಿದ್ದ ತಂದೆ ಅದೇ ವರ್ಷ ದೃಷ್ಟಿ ಕಳೆದುಕೊಂಡರು. ತಾಯಿ ಮರಿಯಾ ಅವರು ತವರಿನವರ ಗಾಜಿನ ಕಾರ್ಖಾನೆಯನ್ನು ತಾವೇ ನಡೆಸಿ ಮಕ್ಕಳನ್ನು ಸಲಹಿದರು. 1847ರಲ್ಲಿ ಪತಿ ತೀರಿಕೊಂಡರು. ಮರುವರ್ಷ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಆ ಸಾಧ್ವಿ ಎದೆಗುಂದಲಿಲ್ಲ. ಕಿರಿಯ ಮಗನ ವಿದ್ಯೆಗಾಗಿ ಸಾವಿರ ಮೈಲಿಗೂ ಮೀರಿದ ದಾರಿ ಸವೆಸಿ ಮಾಸ್ಕೋ ಸೇರಿದರು. ಅಲ್ಲಿನ ವಿಶ್ವವಿದ್ಯಾನಿಲಯ ಬಾಗಿಲು ತೆರೆಯಲಿಲ್ಲ. ಪೀಟರ್ಸ್‌ಬರ್ಗಿಗೆ ಹೋಗಿ, ಪತಿ ಓದಿದ್ದ ಅಧ್ಯಾಪಕ ವಿದ್ಯಾಲಯದಲ್ಲಿಯೇ 1850ರಲ್ಲಿ ಮಗನಿಗೆ ಸ್ಥಾನ ದೊರಕಿಸಿ, ಅದೇ ವರ್ಷ ಕಣ್ಮುಚ್ಚಿದರು. ಕಾಯಕವನ್ನೇ ಬಾಳಾಗಿಸಿಕೊಂಡ ನಮ್ಮ ಶರಣೆಯರ ಸಾಲಿನಲ್ಲಿ ನೆನೆಯತಕ್ಕ ತಾಯಿ ಆಕೆ.

ಮಗನು ತಾಯಿಯ ಆಸೆಯನ್ನು ಹುಸಿಗೊಳಿಸಲಿಲ್ಲ. 1855ರಲ್ಲಿ ಚಿನ್ನದ ಪದಕದೊಡನೆ ತೇರ್ಗಡೆಯಾಗಿ, ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದು, ಜರ್ಮನಿಯಲ್ಲಿ ವ್ಯಾಸಂಗ ಮಾಡಿ, 1867ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ರಸಾಯನ ಪ್ರಾಧ್ಯಾಪಕರಾದರು. ವಿದ್ಯಾರ್ಥಿಗಳಿಗಾಗಿ ಪಠ್ಯಗ್ರಂಥ ಬರೆಯತೊಡಗಿದಾಗ ಒಂದು ಪ್ರಶ್ನೆ ಎದುರಾಯಿತು: ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ಬೋಧಿಸಬೇಕು? ಪರಮಾಣು ಭಾರದ ಕ್ರಮದಲ್ಲಿ ಜೋಡಿಸುತ್ತ ಹೋದಂತೆ ಒಂದೇ ಬಗೆಯ ಗುಣಗಳು ಮತ್ತೆ ಮತ್ತೆ ಮರಳಿ ಬರುವುದನ್ನು ಕಂಡರು. 1869ರಲ್ಲಿ ಹೊರಬಿದ್ದ ಆವರ್ತ ನಿಯಮವು ಹೀಗೆ ಒಬ್ಬ ಅಧ್ಯಾಪಕನ ಪಾಠಸಿದ್ಧತೆಯಿಂದ ಹುಟ್ಟಿತೆಂಬುದು ಶಿಕ್ಷಕವೃಂದಕ್ಕೆ ಹೆಮ್ಮೆಯ ಸಂಗತಿ.

ಕೋಷ್ಟಕದಲ್ಲಿ ಕೆಲವು ಮನೆಗಳು ಬರಿದಾಗಿದ್ದವು. ಮೆಂಡಲೀವರು ಅವನ್ನು ಮುಚ್ಚಿಡಲಿಲ್ಲ. ಅಲ್ಲಿಗೆ ಬರಬೇಕಾದ ವಸ್ತುಗಳಿಗೆ ನಮ್ಮ ಸಂಸ್ಕೃತದ ಸಂಖ್ಯಾವಾಚಕಗಳಿಂದ ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ನಾಮಕರಣ ಮಾಡಿದರು. ಕೋಷ್ಟಕದಲ್ಲಿ ಅದರಿಂದ ಒಂದು ಮನೆ ಮುಂದಿನದು ಎಂಬುದು ತಾತ್ಪರ್ಯ. ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ್ದ ಪಂಡಿತ ಬೋಟ್ಲಿಂಕರು ಅದೇ ನಗರದ ವಿದ್ವತ್ಪರಿಷತ್ತಿನಲ್ಲಿದ್ದುದರಿಂದ, ಇದು ಅವರ ಪ್ರಭಾವವಿರಬಹುದೆಂದು ಕೆಲವು ವಿದ್ವಾಂಸರ ಊಹೆ.

1875ರಲ್ಲಿ ಫ್ರಾನ್ಸಿನ ಬ್ವಾಬೋದ್ರಾನರು ಗ್ಯಾಲಿಯಂ ಲೋಹವನ್ನು ಕಂಡುಹಿಡಿದು, ಅದರ ಸಾಂದ್ರತೆ 4.7 ಎಂದರು. ಆ ಲೋಹವನ್ನು ಕಣ್ಣಿನಿಂದ ಕಂಡಿರದ ಮೆಂಡಲೀವರು, ಅದು 5.9ರ ಸಮೀಪವಿರಬೇಕು, ಶುದ್ಧಿಮಾಡಿ ಮತ್ತೆ ಅಳೆಯಿರಿ ಎಂದು ತಿಳಿಸಿದರು. ಮತ್ತೆ ಅಳೆದಾಗ ಬಂದದ್ದು 5.9. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತು ಉಳಿದೆರಡು ಮನೆಗಳೂ ತುಂಬಿದವು.

ಅವರು ವಿದ್ಯಾರ್ಥಿವತ್ಸಲರೂ ಆಗಿದ್ದರು. 1890ರಲ್ಲಿ ವಿದ್ಯಾರ್ಥಿಗಳ ಮನವಿಯನ್ನು ಮಂತ್ರಿಗೆ ಒಯ್ದು, ಅದು ತಿರಸ್ಕೃತವಾಗಲು, ಪ್ರಾಧ್ಯಾಪಕ ಪದವಿಯನ್ನೇ ತ್ಯಜಿಸಿದರು. ಮುಂದೆ ರಾಷ್ಟ್ರದ ತೂಕ ಮತ್ತು ಅಳತೆಗಳ ಸಂಸ್ಥೆಯ ಮುಖ್ಯಸ್ಥರಾದರು. ಒಂದು ಮೂಲವಸ್ತು ಮತ್ತೊಂದಾಗಿ ಮಾರ್ಪಡುವುದೆಂಬ ಹೊಸ ಮತವನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. 1907ರ ಫೆಬ್ರವರಿ 2ರಂದು ದಿವಂಗತರಾದರು.

ವಿಧಿಯ ವಿನೋದವನ್ನು ನೋಡಿರಿ. 1955ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಸೀಬೋರ್ಗ್, ಘಿಯೋರ್ಸೊ ಮೊದಲಾದವರು ಒಂದು ಮೂಲವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸಿಯೇ 101ನೆಯದನ್ನು ಪಡೆದು, ಅದಕ್ಕೆ ಮೆಂಡಲೀವಿಯಂ ಎಂದು ಹೆಸರಿಟ್ಟರು. ದೊರೆತದ್ದು 17 ಪರಮಾಣುಗಳು ಮಾತ್ರ. ಅವುಗಳ ಗುರುತು ಸಿಕ್ಕಿದ್ದು ಕೋಷ್ಟಕವು ಸೂಚಿಸಿದ ರಾಸಾಯನಿಕ ಗುಣಗಳಿಂದಲೇ.

ಇಂದು ಕೋಷ್ಟಕವು 118ನೆಯ ಒಗನೆಸ್ಸಾನ್‌ವರೆಗೆ ತುಂಬಿದೆ. 104ರಿಂದ ಮೇಲಿನವು ಅತಿಭಾರ ಮೂಲವಸ್ತುಗಳು. ಇವನ್ನು ಯಂತ್ರಗಳಲ್ಲಿ ಒಂದೊಂದೇ ಪರಮಾಣುವಾಗಿ ಸೃಷ್ಟಿಸಬೇಕು. ಹಲವು ಕೆಲವೇ ಕ್ಷಣಗಳಲ್ಲಿ ಅಳಿಯುತ್ತವೆ. ಆ ಕ್ಷಣಗಳಲ್ಲಿಯೇ ಪರಮಾಣುವನ್ನು ಅನಿಲಪ್ರವಾಹದಲ್ಲಿ ಸಾಗಿಸಿ, ಅದು ಎಷ್ಟು ತಂಪಿನಲ್ಲಿ ಎಲ್ಲಿ ಅಂಟುವುದೆಂದು ನೋಡುತ್ತಾರೆ. 108ನೆಯ ಹ್ಯಾಸಿಯಂ ತನ್ನ ಮೇಲಿನ ಮನೆಯ ಆಸ್ಮಿಯಂನಂತೆ ಆಮ್ಲಜನಕದೊಡನೆ ಕೂಡಿ ಆವಿಯಾಗಬಲ್ಲ ಆಕ್ಸೈಡ್ ಆಗುವುದೆಂದು 2001ರ ಪ್ರಯೋಗ ತೋರಿತು. 112ನೆಯ ಕೋಪರ್ನಿಸಿಯಂ ಪಾದರಸದಂತೆಯೇ ಚಿನ್ನಕ್ಕೆ ಅಂಟಿದರೂ ಆ ಬಂಧ ಸಡಿಲವೆಂದು 2007ರ ವೇಳೆಗೆ ತಿಳಿಯಿತು. ಬೀಜಕೇಂದ್ರದ ವಿದ್ಯುದಂಶ ಬೆಳೆದಂತೆ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದತ್ತ ಸರಿಯುವುದರಿಂದ, ಕುಲದ ಗುಣ ತಪ್ಪಬಹುದು. ಒಗನೆಸ್ಸಾನ್ ಜಡಾನಿಲಗಳ ಸಾಲಿನಲ್ಲಿದ್ದರೂ ಜಡವಾಗಿರಲಾರದೆಂದು ಗಣಿತ ಹೇಳುತ್ತದೆ; ಸೆಕೆಂಡಿನ ಸಾವಿರದ ಒಂದು ಭಾಗವೂ ಬಾಳದ ಅದನ್ನು ಪರೀಕ್ಷಿಸುವುದು ಇನ್ನೂ ಸಾಧ್ಯವಾಗಿಲ್ಲ.

ಹೀಗೆ ಮೆಂಡಲೀವರು ಒಡ್ಡಿದ ಪರೀಕ್ಷೆ ಇಂದಿಗೂ ಮುಗಿದಿಲ್ಲ. ನಿಯಮ ಗೆದ್ದರೂ ಅವರ ಕೀರ್ತಿ ಬೆಳೆಯುವುದು. ಎಲ್ಲಿ ಸೋಲುವುದೆಂದು ತಿಳಿದರೂ ಜ್ಞಾನ ಬೆಳೆಯುವುದು. ಮನೆಮಠ ಬಿಟ್ಟು ಮಗನಿಗೆ ವಿದ್ಯೆ ಕೊಡಿಸಿದ ಒಬ್ಬ ತಾಯಿಯ ಶ್ರಮವು ಜಗತ್ತಿನ ಶಾಲೆಗಳಿಗೆಲ್ಲ ದಾಸೋಹವಾಗಿ ಪರಿಣಮಿಸಿತು. ವಿದ್ಯಾದಾನಕ್ಕೆ ಕೈನೀಡುವ ದಾನಿಗಳೂ, ಪಾಠಕ್ಕೆ ನಿಲ್ಲುವ ಗುರುಗಳೂ ಇದನ್ನು ನೆನೆಯಲಿ.